ಮೆಮೊರಿ ಕಾರ್ಡು

ಲಿಂಗರಾಜಪುರದ ಮೇಲ್ಸೇತುವೆ ಕೆಳಗೆ
ನಾಲ್ಕು ಹಲಗೆ, ಒಂದು ಶಾಮಿಯಾನ,
ಹಾರದ ಭಾರಕ್ಕೆ ಬಾಗಿದ ಕಟೌಟು.
ಬೆಳಿಗ್ಗೆಯೇ ಹೋಗಿ ಹಾರ್ನ್ ಕಟ್ಟಿದ್ದೆ,
ಒಂದು ರೈಲು ಹಳಿಯ ಕಡೆಗೆ, ಇನ್ನೊಂದು ಮಸೀದಿ ಬೀದಿಗೆ.

ಅಭ್ಯರ್ಥಿ ಮೊದಲೇ ಬಂದಿದ್ದರು,
ಹಸಿರು ಕಾಟನ್ ಸೀರೆ, ಕೈಯಲ್ಲಿ ಟಿಫನ್ ಡಬ್ಬಿ.
ಕೂದಲು ನೋಡಿ, ಬಣ್ಣ ನೋಡಿ ಕೇಳಿದೆ,
ಮಾತಿಗೊಂದು ಮಾತು:
"ಮೇಡಂ, ನಿಮ್ಮದು ಯಾವ ದೇಶ?"
"ಯಲ್ಲಾಪುರ," ಅಂದರು.
"ಬಸ್ಸಲ್ಲಿ ಒಂದು ರಾತ್ರಿ.
ಚಿತ್ರಾನ್ನ ತಿಂತೀರಾ?"

ನಟಾಲಿನಾ ಸಿದ್ದಿ. ನರ್ಸಮ್ಮ.
ಹತ್ತೊಂಬತ್ತು ವರ್ಷ ಇದೇ ವಾರ್ಡಿನಲ್ಲಿ
ಸೂಜಿ ಚುಚ್ಚಿದ್ದಾರೆ, ಹೊಲಿಗೆ ಬಿಚ್ಚಿದ್ದಾರೆ,
ಕುಡಿದು ಬಿದ್ದವರಿಗೆ ಬೈದಿದ್ದಾರೆ
ಕನ್ನಡದಲ್ಲಿ, ತಮಿಳಿನಲ್ಲಿ, ದಖನಿಯಲ್ಲಿ,
ತೀರಾ ಸಿಟ್ಟು ಬಂದರೆ ಕೊಂಕಣಿಯಲ್ಲಿ.
ಇದೆಲ್ಲ ನನ್ನ ಹೆಂಡತಿ ಹೇಳಿದ್ದು, ಆಮೇಲೆ.

ಮುಖಂಡರು ಬಂದದ್ದು ಎರಡು ತಾಸು ತಡವಾಗಿ.
ಅವರದೇ ಪಕ್ಷ. ಅವರದೇ ಅಭ್ಯರ್ಥಿ.
ಬಯ್ಯಲು ಬಂದವರಲ್ಲ, ಹೊಗಳಲು ಬಂದವರು.
"ನೋಡಿ ನಮ್ಮ ಹೆಣ್ಣುಮಗಳು,
ಎಷ್ಟು ಚೊಕ್ಕ ಕನ್ನಡ! ಕಣ್ಣು ಮುಚ್ಚಿ ಕೇಳಿದರೆ
ನಮ್ಮವಳೇ ಅನ್ನಬೇಕು." ಚಪ್ಪಾಳೆ.
"ಓಟ ಇವರ ರಕ್ತದಲ್ಲೇ ಇದೆ,
ಇನ್ನು ಓಟು ಎಲ್ಲಿಗೆ ಹೋಗುತ್ತೆ?" ಶಿಳ್ಳೆ.
"ಬೀದಿದೀಪ ಇಲ್ಲದ ವಾರ್ಡು ಇದು.
ರಾತ್ರಿ ಮನೆಗೆ ಬಂದರೆ ಹೆದರಬೇಡಿ,
ನಗ್ತಾ ಹೋಗಮ್ಮ ಅಂತ ಹೇಳಿದ್ದೀನಿ."

ಒಂದು ಗಳಿಗೆ ಜನಕ್ಕೆ ಅರ್ಥವಾಗಲಿಲ್ಲ.
ಆಮೇಲೆ ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಿಂದ
ಮುಂದಿನ ಸಾಲಿಗೆ ನಗು ಉರುಳಿ ಬಂತು.

ನನ್ನ ಕೈ ವಾಲ್ಯೂಮಿನ ಮೇಲೇ ಇತ್ತು.
ಮೈಕನ್ನು ಕೂಯ್ ಅನ್ನಿಸಬಹುದಿತ್ತು,
ಜನರೇಟರ್ ಕೈಕೊಟ್ಟಿತು ಅನ್ನಬಹುದಿತ್ತು.
ಮೂವತ್ತು ವರ್ಷದ ಕಸುಬು,
ಒಬ್ಬನ ಬಾಯಿ ಕಟ್ಟುವ ಹದಿನಾರು ದಾರಿ ಗೊತ್ತು.

ಗೊತ್ತಿದ್ದದ್ದು ಅದೊಂದೇ ಅಲ್ಲ.
ಗಲಾಟೆಯ ಆ ಡಿಸೆಂಬರಿನಲ್ಲಿ ಅಪ್ಪ
ಮುರುಗನ್ ಸೌಂಡ್ಸ್ ಬೋರ್ಡನ್ನು ರಾತ್ರೋರಾತ್ರಿ ಇಳಿಸಿ
ಅದರ ಬೆನ್ನಿಗೆ ಬಿಳಿ ಬಳಿದು
ನನ್ನ ಕೈಯಲ್ಲಿ ಬರೆಸಿದ: ಶ್ರೀ ಸುಬ್ರಹ್ಮಣ್ಯ ಧ್ವನಿವರ್ಧಕ.
ದೇವರು ಅವನೇ. ಹೆಸರು ಮಾತ್ರ ತಲೆ ತಗ್ಗಿಸಿತು.
ಇವತ್ತಿಗೂ ಯಾರಾದರೂ
"ನಿನ್ನ ಕನ್ನಡ ಎಷ್ಟು ಚೆನ್ನಾಗಿದೆಯಪ್ಪ" ಅಂದರೆ
ಹುಟ್ಟಿದ್ದೇ ಇಲ್ಲಿ ಸ್ವಾಮಿ, ಅನ್ನುವುದಿಲ್ಲ.
ಥ್ಯಾಂಕ್ಸ್ ಸಾರ್ ಅನ್ನುತ್ತೇನೆ.

ಆಮೇಲೆ ಅವರು ಮಾತಾಡಿದರು.
ನಾಲ್ಕೇ ನಿಮಿಷ. ರಾಜಕಾಲುವೆ, ಡೆಂಗಿ,
ಮೂರನೇ ಅಡ್ಡರಸ್ತೆಯಲ್ಲಿ ತಿಂಗಳಿಂದ ಬಾಯಿ ತೆರೆದ ಮ್ಯಾನ್‌ಹೋಲು.
ಒಮ್ಮೆಯೂ ಹಲ್ಲು ಕಾಣಿಸಲಿಲ್ಲ.
"ಜಂಬ ನೋಡು," ಅಂದ
ಹಾರದ ಬುಟ್ಟಿ ಹಿಡಿದವನು.

ವೈರು ಸುತ್ತುವಾಗ ಪಕ್ಷದ ಹುಡುಗ ಬಂದ:
"ಅಣ್ಣಾ, ಆ ಜೋಕು ರೆಕಾರ್ಡ್ ಆಗಿದ್ರೆ ಅಳಿಸಿಬಿಡು."
ಅವನು ಹೋದ ಐದು ನಿಮಿಷಕ್ಕೆ ಎದುರು ಪಕ್ಷದವನು:
"ಅಳಿಸಿಲ್ಲ ತಾನೇ? ರೇಟು ಹೇಳು."
ಅವನ ಪಕ್ಷದ ಹಿರಿಯರು ಹೋದ ಸಲ
ನಾಮಪತ್ರ ಹಾಕಿದ್ದ ಮಣಿಪುರದ ಹುಡುಗನ
ಕಣ್ಣಿನ ಬಗ್ಗೆ ಆಡಿದ್ದಕ್ಕೂ
ಮೈಕು ನನ್ನದೇ.

ನಟಾಲಿನಾ ಕೊನೆಗೆ ಬಂದರು, ಖಾಲಿ ಡಬ್ಬಿ ಹಿಡಿದು.
ಕಾರ್ಡಿನ ಮಾತೆತ್ತಲಿಲ್ಲ.
"ನನ್ನ ದನಿ ಕೀರಲಾಗಿ ಕೇಳ್ತಿತ್ತು,
ನಾಳೆ ಸ್ವಲ್ಪ ಬೇಸ್ ಕೊಡ್ತೀರಾ?
ಸ್ಟ್ಯಾಂಡು ತಗ್ಗಿಸಬೇಡಿ. ನಾನು ಉದ್ದ ಇದ್ದೀನಿ."

ರಾತ್ರಿ ಅಂಗಡಿಯ ಶಟರ್ ಅರ್ಧ ಎಳೆದು
ಹೆಡ್‌ಫೋನ್ ಹಾಕಿ ಕೇಳಿದೆ.
ಮುಖಂಡರ ದನಿ ಒಡೆದಿದೆ, ನಡುವೆ ರೈಲು ಹೋಗಿದೆ,
ಜನರ ನಗು ದೂರದಲ್ಲಿ ಜಲ್ಲಿ ಸುರಿದಂತೆ.
ಒಂದು ನಗು ಮಾತ್ರ ಸ್ವಚ್ಛ, ಹತ್ತಿರ,
ರೆಕಾರ್ಡರ್ ಇಟ್ಟ ಮೇಜಿಗೇ ಒರಗಿ ನಿಂತವನದು.
ಹಿಂದೆ ಸರಿಸಿ ಇನ್ನೊಮ್ಮೆ ಕೇಳಿದೆ.
ಅಂಗಡಿಗೆ ಬಂದು ಬೈದುಹೋಗುವವರ ಎದುರು
ಅಪ್ಪ ನಗುತ್ತಿದ್ದನಲ್ಲ,
ಅದೇ ಗಂಟಲು.